ನೋಯುವ ಕಾಲಿಗೊಂದು ಜೋಡು

ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದಂತಾಗುವ ಅನುಭವ ನಿಮ್ಮಲ್ಲಿ ಎಷ್ಟು ಮಂದಿಗಿದೆಯೋ ನಾನರಿಯೆ. ನನಗೆ ಅದು 2017ರ ಮಳೆಗಾಲದಲ್ಲಿ ಆಯಿತು. ಮೊದಲ ಹತ್ತು ಹೆಜ್ಜೆಗಳನ್ನು ಗೋಡೆ ಹಿಡಿದು ಹಾಕಬೇಕಾಗುತ್ತಿತ್ತು. ಬಚ್ಚಲುಮನೆ ತಲುಪುವ ವೇಳೆಗೆ ನೋವು ಅರ್ಧಕ್ಕಿಳಿಯುತ್ತಿತ್ತು; ಕಾಫಿ ಕುಡಿದು ಪತ್ರಿಕೆ ಬಿಡಿಸುವ ಹೊತ್ತಿಗೆ ಅದರ ನೆನಪೂ ಮಾಸುತ್ತಿತ್ತು. ಮರೆತುಹೋಗುವ ನೋವನ್ನು ಯಾರು ತಾನೇ ವೈದ್ಯರ ಬಳಿಗೆ ಒಯ್ಯುತ್ತಾರೆ? ನಾನೂ ಮೂರು ತಿಂಗಳು ಒಯ್ಯಲಿಲ್ಲ.

ನಾನು ಹೊಳೆನರಸೀಪುರದವನು. ಮೂವತ್ತು ವರ್ಷಕ್ಕೂ ಮಿಕ್ಕಿ ಕಪ್ಪುಹಲಗೆಯ ಮುಂದೆ ನಿಂತು ಕನ್ನಡ ಪಾಠ ಹೇಳಿದವನು. ನಿವೃತ್ತನಾದ ಮರುವರ್ಷವೇ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಾಗುತ್ತಿದೆಯೆಂದು ಹಾಸನದ ವೈದ್ಯರೊಬ್ಬರು ಹೇಳಿ, ದಿನಕ್ಕೆ ನಲವತ್ತು ನಿಮಿಷ ಬಿರುಸಾಗಿ ನಡೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ನಾನು ವಿಧೇಯ ವಿದ್ಯಾರ್ಥಿಯಂತೆ ಹೇಮಾವತಿಯ ದಂಡೆಯ ದಾರಿಯಲ್ಲಿ ನಡೆದೆ. ಮನೆಯಲ್ಲಿದ್ದ ತೆಳು ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡೇ ನಡೆದೆ. ಎರಡು ತಿಂಗಳಿಗೆ ಹಿಮ್ಮಡಿಯ ನೋವು ಬಂತು. ಮೂಳೆಯ ವೈದ್ಯರು, "ಕಾಲಿಗೆ ಸ್ವಲ್ಪ ವಿರಾಮ ಕೊಡಿ" ಎಂದರು. ಸಕ್ಕರೆಯ ವೈದ್ಯರು ನಡೆಯಿರಿ ಎನ್ನುವುದು, ಮೂಳೆಯ ವೈದ್ಯರು ನಿಲ್ಲಿರಿ ಎನ್ನುವುದು. ನಡುವೆ ನಾನು ಒಂಟಿಕಾಲಿನಲ್ಲಿ. ಇವೆರಡನ್ನೂ ಹೊಂದಿಸುವ ಪದಾರ್ಥವೊಂದಿದೆ, ಅದರ ಹೆಸರು ಪಾದರಕ್ಷೆ ಎಂಬುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷದ ಪಾಠವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ವೈದ್ಯರಿಂದ ತಿದ್ದಿಸಿಕೊಂಡವನು, ಅಷ್ಟೆ.

ಮೊದಲು ಪಾದದ ವಿಚಾರ. ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಎರಡು ಪಾದಗಳವು ಸೇರಿದರೆ ಇಡೀ ದೇಹದ 206 ಮೂಳೆಗಳಲ್ಲಿ ಕಾಲುಭಾಗ ಅಂಗಾಲಿನ ಮೇಲೆಯೇ ಇದ್ದಂತಾಯಿತು. ಈ ಮೂಳೆಗಳು ಸಪಾಟಾಗಿ ಜೋಡಿಸಿದ ಇಟ್ಟಿಗೆಗಳಲ್ಲ. ಸೇತುವೆಯ ಕಮಾನಿನಂತೆ ಬಾಗಿ ನಿಂತಿವೆ. ಆ ಕಮಾನಿನ ಎರಡು ತುದಿಗಳನ್ನು, ಎಂದರೆ ಹಿಮ್ಮಡಿಯ ಮೂಳೆಯನ್ನೂ ಬೆರಳುಗಳ ಬುಡವನ್ನೂ, ಅಂಗಾಲಿನಡಿಯಲ್ಲಿ ಗಟ್ಟಿಯಾದ ಒಂದು ನಾರಿನ ಪಟ್ಟಿ ಬಿಗಿದು ಹಿಡಿದಿದೆ. ಬಿಲ್ಲಿಗೆ ಹೆದೆ ಇದ್ದಂತೆ. ವೈದ್ಯರು ಅದನ್ನು ಪ್ಲಾಂಟಾರ್ ಫೇಸಿಯಾ ಎನ್ನುತ್ತಾರೆ. ನಾವು ಅಂಗಾಲಿನ ಹೆದೆ ಎನ್ನೋಣ. ಹೆಜ್ಜೆ ಊರಿದಾಗಲೆಲ್ಲ ಕಮಾನು ಸ್ವಲ್ಪ ತಗ್ಗುತ್ತದೆ, ಹೆದೆ ಸೆಳೆಯುತ್ತದೆ. ಬೆರಳನ್ನೂರಿ ಮುನ್ನಡೆದಾಗ ಹೆದೆ ಬಿಗಿದು ಕಮಾನನ್ನು ಮತ್ತೆ ಎತ್ತುತ್ತದೆ. ದಿನಕ್ಕೆ ಸಾವಿರಾರು ಸಲ ನಡೆಯುವ ಕೆಲಸವಿದು. ದೇಹದ ತೂಕ ಹೆಚ್ಚಿದರೆ, ಗಟ್ಟಿ ನೆಲದ ಮೇಲೆ ದೀರ್ಘಕಾಲ ನಿಂತರೆ, ಮೀನಖಂಡದ ಸ್ನಾಯು ಬಿಗಿಯಾಗಿದ್ದರೆ, ಅಥವಾ ನನ್ನಂತೆ ಕುಳಿತವನು ಇದ್ದಕ್ಕಿದ್ದಂತೆ ನಡೆಯಲು ಹೊರಟರೆ, ಹೆದೆಯು ಹಿಮ್ಮಡಿಗೆ ಅಂಟಿರುವ ಜಾಗ ಬಳಲುತ್ತದೆ. ರಾತ್ರಿ ಮಲಗಿದಾಗ ಅದು ಮುದುಡಿಕೊಳ್ಳುತ್ತದೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ತಟಕ್ಕನೆ ಎಳೆಯುತ್ತದೆ. ಆ ಮೊಳೆಯ ಗುಟ್ಟು ಇಷ್ಟೇ.

ಎಕ್ಸ್‌ರೇ ತೆಗೆಸಿದಾಗ ನನ್ನ ಹಿಮ್ಮಡಿಯಲ್ಲಿ ಮುಳ್ಳಿನಂಥ ಮೂಳೆಯ ಮೊನೆಯೊಂದು ಕಾಣಿಸಿತು. ಅದನ್ನು ಕಂಡು ನಾನು ಗಾಬರಿಯಾದೆ. ವೈದ್ಯರು ನಕ್ಕು, "ಮೇಷ್ಟ್ರೇ, ಈ ಮೊನೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಇರುತ್ತದೆ. ನೋವು ಅದರದ್ದಲ್ಲ, ಹೆದೆಯದ್ದು" ಎಂದರು.

ಎಲ್ಲ ಕಾಲುನೋವೂ ಒಂದೇ ಅಲ್ಲ. ಹಿಮ್ಮಡಿಯ ತಳದಲ್ಲಿ ನೋವಿದ್ದರೆ ಅದು ಬಹುಮಟ್ಟಿಗೆ ಈ ಹೆದೆಯದು. ಹಿಮ್ಮಡಿಯ ಹಿಂಭಾಗದಲ್ಲಿದ್ದರೆ ಮೀನಖಂಡದಿಂದ ಇಳಿದುಬರುವ ಅಕಿಲಿಸ್ ಸ್ನಾಯುರಜ್ಜುವಿನದು. ಬೆರಳುಗಳ ಬುಡದ ದಿಂಬಿನಲ್ಲಿ ಉರಿದಂತಾದರೆ ಮುಂಗಾಲಿನ ಮೇಲೆ ಭಾರ ಹೆಚ್ಚು ಬೀಳುತ್ತಿದೆಯೆಂದು ತಿಳಿಯಬಹುದು. ತುದಿ ಇಕ್ಕಟ್ಟಾದ ಜೋಡು ಇದಕ್ಕೆ ಆಪ್ತಮಿತ್ರ. ಹೆಬ್ಬೆರಳು ಪಕ್ಕಕ್ಕೆ ವಾಲಿ ಬುಡದಲ್ಲಿ ಗಂಟೆದ್ದಿದ್ದರೆ, ಕಿರುಬೆರಳಿನ ಮೇಲೆ ಆಣಿ ಕಟ್ಟಿದ್ದರೆ, ಅಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಪಾದರಕ್ಷೆಯ ಅಗಲ. ಆದರೆ ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಮಲಗಿದ್ದಾಗಲೂ ಬಿಡದ ನೋವು, ಊದಿ ಬೆಚ್ಚಗಾದ ಪಾದ, ಮಾಯದ ಗಾಯ, ಜೋಮು ಹಿಡಿದ ಅಂಗಾಲು, ಇವುಗಳಲ್ಲಿ ಯಾವುದಿದ್ದರೂ ಜೋಡಿನ ಅಂಗಡಿಗೆ ಹೋಗಬಾರದು, ವೈದ್ಯರಲ್ಲಿಗೆ ಹೋಗಬೇಕು.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಹೆಂಡತಿಯ ತಮ್ಮ ಅರಕಲಗೂಡಿನ ಕಡೆ ಆಲೂಗೆಡ್ಡೆ ಬೆಳೆಯುವವನು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೊಲಕ್ಕೂ ಪೇಟೆಗೂ ಒಂದೇ ಹವಾಯಿ ಚಪ್ಪಲಿ. ಒಂದು ದಿನ ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ನೀರು ಕೆಂಪಗಾದದ್ದನ್ನು ನೋಡಿ ಅವನ ಮಗಳು ಕೂಗಿಕೊಂಡಳು. ಚಪ್ಪಲಿಯ ರಬ್ಬರನ್ನು ತೂರಿ ಬಂದಿದ್ದ ಮೊಳೆಯೊಂದು ಅಂಗಾಲಿನಲ್ಲಿ ಬೆಳಗಿನಿಂದಲೂ ಇತ್ತು! ಗಾಯ ಕೀವಾಯಿತು, ಎರಡು ಬೆರಳು ಹೋದವು. ನೋಡಲು ಹೋದಾಗ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ನೋವೇ ಆಗ್ಲಿಲ್ಲ ಭಾವ. ನೋವಾಗಿದ್ರೆ ನೋಡ್ಕೋತಿರಲಿಲ್ವಾ?"

ಅಂದಿನಿಂದ ನನ್ನ ಹಿಮ್ಮಡಿಯ ನೋವಿನ ಮೇಲೆ ನನಗೆ ಸ್ವಲ್ಪ ಗೌರವ ಬಂದಿತು. ನೋವೆಂಬುದು ಕಾವಲುಗಾರ. ಅವನು ಮಲಗಿದ ಮನೆಯಲ್ಲಿ ಕಳ್ಳತನ ಸುಲಭ. ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಒಬ್ಬರು ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ ಕೆಲಸ ಮಾಡಿದ ಡಾಕ್ಟರ್ ಪಾಲ್ ಬ್ರಾಂಡ್. ಅವರು 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಕೈಕಾಲು ಬೆರಳುಗಳು ಸವೆದುಹೋಗುವುದು ರೋಗವೇ ಅವನ್ನು ತಿನ್ನುವುದರಿಂದಲ್ಲ, ಸ್ಪರ್ಶಜ್ಞಾನ ಹೋದ ಕೈಕಾಲುಗಳು ತಮ್ಮ ಗಾಯವನ್ನು ತಾವೇ ಅರಿಯದೆ ದುಡಿಯುವುದರಿಂದ ಎಂದು ತೋರಿಸಿಕೊಟ್ಟರು. ಅವರೂ ಅವರ ಸಂಗಡಿಗರೂ ಆ ಪಾದಗಳಿಗಾಗಿ ಮೃದುವಾದ ಸೂಕ್ಷ್ಮರಂಧ್ರಗಳ ರಬ್ಬರನ್ನು ಒಳಗೆ ಹಾಕಿ ಚಪ್ಪಲಿ ಮಾಡಿಸಿದರು. ಎಂ.ಸಿ.ಆರ್. ಚಪ್ಪಲಿ ಎಂದು ಹೆಸರಾದ ಅದನ್ನು ಇಂದು ಸಕ್ಕರೆ ಕಾಯಿಲೆಯವರಿಗೂ ವೈದ್ಯರು ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲುಳ್ಳವರು ಜೋಡಿನ ಆಯ್ಕೆಯಲ್ಲಿ ತಮ್ಮ ಪಾದದ ಸಾಕ್ಷ್ಯವನ್ನು ನಂಬುವಂತಿಲ್ಲ. ಕಚ್ಚುತ್ತಿದ್ದರೂ ಅದು ಹೇಳುವುದಿಲ್ಲ. ಅಂಥವರು ಪ್ರತಿದಿನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಮೆಟ್ಟುವ ಮುನ್ನ ಜೋಡಿನೊಳಗೆ ಕೈ ಹಾಕಿ ಕಲ್ಲುಮುಳ್ಳು ಇದೆಯೇ ಎಂದು ತಡವಬೇಕು. ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದು.

ಈಗ ನನ್ನ ತಪ್ಪಿನ ಕಥೆ. ನಡೆಯಲು ಒಳ್ಳೆಯ ಷೂ ಕೊಳ್ಳಿರೆಂದು ವೈದ್ಯರು ಹೇಳಿದ ಮರುದಿನವೇ ಬೆಳಗಿನ ಬಸ್ಸಿಗೆ ಹೋಗಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಹಾಜರಾದೆ. ಮೂವತ್ತು ವರ್ಷದಿಂದ ನನ್ನ ನಂಬರು ಎಂಟು. ಎಂಟು ಕೇಳಿದೆ. ಹುಡುಗ ನಾಲ್ಕು ಜೊತೆ ತಂದ. ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಮೆತ್ತಗಿದ್ದುದನ್ನು ಆರಿಸಿದೆ. ಕೂತಲ್ಲಿಯೇ ತೊಟ್ಟು ನೋಡಿ, ಹಣ ಕೊಟ್ಟು ಬಂದೆ. ಹದಿನೈದು ದಿನಕ್ಕೆ ಎರಡು ಹೆಬ್ಬೆರಳುಗಳ ಉಗುರೂ ಕಪ್ಪಾದವು. ಒಂದು ತಿಂಗಳಿಗೆ ಹಿಮ್ಮಡಿಯ ನೋವು ಮೊದಲಿಗಿಂತ ಹೆಚ್ಚಿತು. ಮೆತ್ತಗಿನ ಹಾಸಿಗೆ ಬೆನ್ನುನೋವಿಗೆ ಹೇಗೋ ಮೆತ್ತಗಿನ ಜೋಡು ಕಾಲುನೋವಿಗೆ ಹಾಗೆ ಎಂಬುದು ನನಗೆ ಗೊತ್ತಿರಲಿಲ್ಲ. ಮೃದುತ್ವ ಬೇಕು, ಆದರೆ ಅದರ ಕೆಳಗೆ ಆಸರೆ ಇರಬೇಕು.

ಈ ತಪ್ಪನ್ನು ನನಗೆ ತೋರಿಸಿಕೊಟ್ಟವರು ಯಾವ ತಜ್ಞರೂ ಅಲ್ಲ. ಚನ್ನರಾಯಪಟ್ಟಣದಲ್ಲಿ ಮರದ ನೆರಳಿನಲ್ಲಿ ಕುಳಿತು ಜೋಡು ಹೊಲಿಯುವ ಹಿರಿಯರೊಬ್ಬರು. ನೆಂಟರ ಮನೆಗೆ ಹೋಗಿದ್ದಾಗ ಷೂವಿನ ಒಂದು ಹೊಲಿಗೆ ಬಿಟ್ಟಿತ್ತು. ಅವರು ಷೂವನ್ನು ಕೈಗೆ ತೆಗೆದುಕೊಂಡು ಮೊದಲು ತಳ ನೋಡಿದರು, ಆಮೇಲೆ ಒಳಗೆ ಬೆರಳಾಡಿಸಿದರು, ಕೊನೆಗೆ ನನ್ನ ಕಾಲು ನೋಡಿದರು. "ಸ್ವಾಮಿ, ಇದು ನಿಮ್ಮ ಕಾಲಿನ ಜೋಡಲ್ಲ. ನಿಮ್ಮದು ಅಗಲದ ಪಾದ. ಜೋಡು ಸಣಕಲು. ಮುಂದೆ ಜಾಗ ಇಲ್ಲ, ಹಿಂದೆ ಹಿಡಿತ ಇಲ್ಲ" ಎಂದರು. ನನ್ನ ಹಳೆಯ ಕಾಗದವೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ನನ್ನನ್ನು ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಷೂವನ್ನು ಆ ಚಿತ್ರದ ಮೇಲಿಟ್ಟರು. ನನ್ನ ಪಾದದ ಗೆರೆ ಷೂವಿನ ಎರಡು ಪಕ್ಕದಲ್ಲಿಯೂ ಹೊರಗೆ ಚಾಚಿಕೊಂಡಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಆ ದಿನ ಬೀದಿಯಲ್ಲಿ ನಿಂತು ಪಾಠ ಕಲಿತೆ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಆ ಕಾಗದವನ್ನು ಮಡಚಿ ಅಂಗಡಿಗೆ ಒಯ್ಯಬಹುದು.

ನಂಬರಿನ ವಿಷಯಕ್ಕೆ ಬರೋಣ. ನಾವು ಏಳು, ಎಂಟು, ಒಂಬತ್ತು ಎನ್ನುವುದು ಇಂಗ್ಲೆಂಡಿನ ಲೆಕ್ಕ. ಅದರ ಅಳತೆಗೋಲು ಬಾರ್ಲಿಯ ಕಾಳು! ಮೂರು ಬಾರ್ಲಿ ಕಾಳಿಗೆ ಒಂದು ಅಂಗುಲ ಎಂಬ ಹಳೆಯ ಎಣಿಕೆಯಿಂದ ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೆಯ ಒಂದು ಭಾಗ, ಎಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಯುರೋಪಿನ ನಂಬರುಗಳ ನಡುವೆ ಸೆಂಟಿಮೀಟರಿನ ಮೂರನೆಯ ಎರಡು ಭಾಗ. ಅಮೆರಿಕದ್ದು ಮತ್ತೊಂದು ಬಗೆ. ಇಂಗ್ಲೆಂಡಿನ ಎಂಟು ಗಂಡಸರ ಷೂವಿನಲ್ಲಿ ಅಮೆರಿಕದ ಒಂಬತ್ತಕ್ಕೆ ಹತ್ತಿರ. ಸಾಲದುದಕ್ಕೆ ಒಂದು ಕಂಪೆನಿಯ ಎಂಟು ಇನ್ನೊಂದರ ಎಂಟಲ್ಲ. ಇವೆಲ್ಲ ಉದ್ದದ ಮಾತಾಯಿತು; ಅಗಲವನ್ನು ಕೇಳುವವರೇ ಇಲ್ಲ. ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ ಐದು ವಲಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪಿನವರಿಗಿಂತ ಅಗಲವೆಂದು ಕಂಡುಬಂತು. ಆದ್ದರಿಂದ ನಮಗೆ ನಮ್ಮದೇ ಆದ ಒಂದು ಅಳತೆಯ ಪದ್ಧತಿ ಬೇಕೆಂದು ಅವರು ಸೂಚಿಸಿ, ಅದಕ್ಕೆ 'ಭ' ಎಂದು ಹೆಸರಿಟ್ಟರು. ಅಗಲ ಸಾಲದೆಂದು ನಮ್ಮಲ್ಲಿ ಬಹುಮಂದಿ ಒಂದು ನಂಬರು ಉದ್ದದ ಜೋಡು ಕೊಳ್ಳುತ್ತಾರೆ. ಆಗ ಹಿಮ್ಮಡಿ ಒಳಗೆ ಜಾರಾಡಿ ಬೊಬ್ಬೆಯೇಳುತ್ತದೆ. ಚನ್ನರಾಯಪಟ್ಟಣದ ಹಿರಿಯರು ಪೆನ್ಸಿಲಿನಿಂದ ಹೇಳಿದ್ದನ್ನೇ ಈ ಸಂಶೋಧಕರು ಯಂತ್ರದಿಂದ ಹೇಳಿದರೆಂದು ಓದಿದಾಗ ನನಗೆ ಸಂತೋಷವಾಯಿತು.

ಹಾಗಾದರೆ ಆರಿಸುವ ಬಗೆ ಹೇಗೆ? ಅಂಗಡಿಗೆ ಸಂಜೆ ಹೋಗಬೇಕು. ದಿನವೆಲ್ಲ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಬೆಳಗ್ಗೆ ಸರಿಯಾಗಿದ್ದ ಜೋಡು ಸಂಜೆಗೆ ಕಚ್ಚುತ್ತದೆ. ನಡೆಯುವಾಗ ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಎರಡು ಪಾದಗಳನ್ನೂ ನಿಂತೇ ಅಳೆಸಬೇಕು. ಬಹುಮಂದಿಯಲ್ಲಿ ಎರಡೂ ಸಮನಾಗಿರುವುದಿಲ್ಲ. ದೊಡ್ಡದಕ್ಕೆ ತಕ್ಕಂತೆ ಕೊಳ್ಳಬೇಕು. ಎಲ್ಲಕ್ಕಿಂತ ಉದ್ದವಾದ ಬೆರಳಿಗೂ ಜೋಡಿನ ತುದಿಗೂ ನಡುವೆ ಕೈಯ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಆ ಉದ್ದವಾದ ಬೆರಳು ಹೆಬ್ಬೆರಳೇ ಆಗಿರಬೇಕೆಂಬ ನಿಯಮವಿಲ್ಲ, ಅನೇಕರಿಗೆ ಪಕ್ಕದ ಬೆರಳೇ ಉದ್ದ. ಒಳಗೆ ಐದೂ ಬೆರಳುಗಳನ್ನು ಆಡಿಸಲು ಆಗಬೇಕು.

ಬಳಿಕ ಜೋಡಿನ ದೇಹಪರೀಕ್ಷೆ. ಹಿಮ್ಮಡಿಯನ್ನು ಹಿಂದಿನಿಂದ ಅಪ್ಪಿಕೊಳ್ಳುವ ಗೋಡೆಯನ್ನು ಎರಡು ಬೆರಳುಗಳಿಂದ ಹಿಸುಕಿ ನೋಡಿ. ಸುಲಭವಾಗಿ ಮಡಿಸಿಕೊಳ್ಳುವುದಾದರೆ ಅದು ನಿಮ್ಮ ಹಿಮ್ಮಡಿಯನ್ನು ಹಿಡಿದು ನಿಲ್ಲಿಸಲಾರದು. ಆಮೇಲೆ ತುದಿಯನ್ನೂ ಹಿಮ್ಮಡಿಯನ್ನೂ ಹಿಡಿದು ಮಡಿಸಿ. ಬೆರಳುಗಳು ಬಾಗುವ ಜಾಗದಲ್ಲಿಯೇ ಅದೂ ಬಾಗಬೇಕು. ನಟ್ಟನಡುವೆ ಬಾಗಿದರೆ ಕಮಾನಿಗೆ ಆಸರೆಯಿಲ್ಲ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಬಟ್ಟೆಯಂತೆಯೇ ಹಿಂಡಿಕೊಂಡರೆ ಹಿಂದಕ್ಕಿಡಿ. ಹಿಮ್ಮಡಿ ಮುಂಗಾಲಿಗಿಂತ ತುಸು ಎತ್ತರದಲ್ಲಿರುವುದು ಹಿಮ್ಮಡಿಯ ನೋವಿರುವವರಿಗೆ ಹಿತ. ತೀರ ಸಪಾಟಾದ ತೆಳು ತಳ ಮೀನಖಂಡವನ್ನೂ ಹೆದೆಯನ್ನೂ ಒಟ್ಟಿಗೆ ಎಳೆಯುತ್ತದೆ. ಲೇಸಿನ ಷೂ ಒಳ್ಳೆಯದು; ಪಾದದ ಏರಿಳಿತಕ್ಕೆ ತಕ್ಕಂತೆ ಬಿಗಿಸಲೂ ಸಡಿಲಿಸಲೂ ಬರುತ್ತದೆ. ಓಟಕ್ಕೆಂದು ಮಾಡಿದ ಷೂ ನಡಿಗೆಗೆ ಧಾರಾಳವಾಗಿ ಆದೀತು. ಶಟಲ್, ಟೆನಿಸ್ ಆಡುವವರಿಗೆ ಮಾತ್ರ ಆಗದು, ಏಕೆಂದರೆ ಆ ಆಟಗಳಲ್ಲಿ ಕಾಲು ಪಕ್ಕಕ್ಕೆ ಜಿಗಿಯುತ್ತದೆ, ಅದಕ್ಕೆ ಅಕ್ಕಪಕ್ಕದಲ್ಲಿ ಗಟ್ಟಿಯಾದ ಷೂ ಬೇಕು.

ಕೊನೆಯದಾಗಿ, ಎರಡನ್ನೂ ತೊಟ್ಟು ಲೇಸು ಕಟ್ಟಿ ಅಂಗಡಿಯಲ್ಲಿ ಹತ್ತು ನಿಮಿಷ ನಡೆಯಿರಿ. ರತ್ನಗಂಬಳಿಯ ಮೇಲಲ್ಲ, ಗಟ್ಟಿ ನೆಲದ ಮೇಲೆ. "ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸಾರ್" ಎಂಬ ಮಾತಿಗೆ ಮರುಳಾಗಬೇಡಿ. ನಡಿಗೆಯ ಷೂ ಮೊದಲ ದಿನವೇ ಸರಿಯಾಗಿರಬೇಕು. ಬೆಲೆ ಹೆಚ್ಚಾದ ಮಾತ್ರಕ್ಕೆ ಕಾಲಿಗೆ ಹಿತವೆಂದೇನೂ ಇಲ್ಲ. ಹೆಸರಿಗೂ ಬಣ್ಣಕ್ಕೂ ಕೊಡುವ ಹಣ ಹಿಮ್ಮಡಿಯನ್ನು ತಲುಪುವುದಿಲ್ಲ.

ಒದ್ದೆಗಾಲಿನಿಂದ ಬಚ್ಚಲ ಕಲ್ಲಿನ ಮೇಲೆ ಹೆಜ್ಜೆಯಿಟ್ಟು ಅದರ ಗುರುತಿನಿಂದ ಚಪ್ಪಟೆ ಪಾದವೋ ಎತ್ತರದ ಕಮಾನೋ ಎಂದು ತಿಳಿದು ಅದಕ್ಕೆ ತಕ್ಕ ಷೂ ಕೊಳ್ಳಬೇಕೆಂಬ ಸಲಹೆಯನ್ನು ನೀವು ಕೇಳಿರಬಹುದು. ಅಮೆರಿಕದ ಸೈನ್ಯದಲ್ಲಿ ಸಾವಿರಾರು ಹೊಸ ಸೈನಿಕರಿಗೆ ಹೀಗೆ ಪಾದದ ಆಕಾರ ನೋಡಿ ಷೂ ಕೊಟ್ಟು, ಉಳಿದವರಿಗೆ ಒಂದೇ ಬಗೆಯ ಷೂ ಕೊಟ್ಟು ಹೋಲಿಸಿದರು. ಪೆಟ್ಟುಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಗುರುತು ನೋಡಿಕೊಳ್ಳುವುದು ಕುತೂಹಲಕ್ಕೆ ಸರಿ. ತೀರ್ಪು ಕೊಡಬೇಕಾದದ್ದು ನಿಮ್ಮ ಕಾಲಿಗಾಗುವ ಹಿತ. ಜೋಮಿಲ್ಲದ ಕಾಲು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನನ್ನ ಹೆಂಡತಿಗೂ ಇದೇ ನೋವಿತ್ತೆಂದು ನನಗೆ ತಿಳಿದದ್ದು ನನ್ನ ನೋವಿನ ಪ್ರವಚನವೆಲ್ಲ ಮುಗಿದ ಮೇಲೆ. ನಲವತ್ತು ವರ್ಷ ಅಡುಗೆಮನೆಯ ಕಲ್ಲುನೆಲದ ಮೇಲೆ ಬರಿಗಾಲಿನಲ್ಲಿ ನಿಂತವಳು. "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದಳು. ಷೂ ಕೊಳ್ಳೋಣವೆಂದರೆ, "ಸೀರೆ ಉಟ್ಟುಕೊಂಡು ಬೂಟು ಹಾಕ್ಕೊಂಡು ಹೋದರೆ ಬೀದೀಲಿ ನಗೋದಿಲ್ವೇ?" ಎಂದಳು. ಹೆಂಗಸರ ಷೂಗಳೆಲ್ಲ ಅವಳ ಪಾದಕ್ಕೆ ಇಕ್ಕಟ್ಟಾದವು; ಕೊನೆಗೆ ಗಂಡಸರ ಐದನೆಯ ನಂಬರು ಹೊಂದಿತು. ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ಹೊತ್ತು ಸೀರೆಯುಟ್ಟು ಷೂ ತೊಟ್ಟು ನಡೆಯುವ ನಾಲ್ಕಾರು ಮಂದಿಯನ್ನು ಕಂಡಮೇಲೆ ಅವಳ ಸಂಕೋಚ ಹೋಯಿತು. ನಗುವವರು ನಮ್ಮ ನೋವನ್ನು ಹಂಚಿಕೊಳ್ಳಲು ಬರುವುದಿಲ್ಲವಷ್ಟೆ.

ಬರಿಗಾಲು ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದ. ನಿಜ. ಆದರೆ ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಷೂ ತೊಟ್ಟು ಓಡಿ ಮತ್ತೆ ಗೆದ್ದ, ಇನ್ನೂ ಬೇಗ ಗೆದ್ದ. ಎಳೆಯ ಮಕ್ಕಳು ಬರಿಗಾಲಿನಲ್ಲಿ ಮಣ್ಣಿನ ಮೇಲೆ ಆಡಿ ಬೆಳೆದರೆ ಪಾದ ಬಲಿಯುತ್ತದೆ. ನೊಂದ ಹಿಮ್ಮಡಿಯ ಅರವತ್ತರ ಮನುಷ್ಯ ಮೊಸಾಯಿಕ್ ನೆಲದ ಮೇಲೆ ನಡೆಯುವುದು ಬೇರೆ ಮಾತು. ಹೊಸ್ತಿಲ ಹೊರಗೆ ಜೋಡು ಬಿಡುವುದು ನಮ್ಮ ಸಂಪ್ರದಾಯ, ಅದನ್ನು ಮುರಿಯಬೇಕಾಗಿಲ್ಲ. ಮನೆಯೊಳಗಿಗೆಂದೇ ತೊಳೆದಿಟ್ಟ ಬೇರೊಂದು ಜೊತೆ ಚಪ್ಪಲಿಯನ್ನು ಹಾಸಿಗೆಯ ಪಕ್ಕದಲ್ಲಿಯೇ ಇಟ್ಟುಕೊಂಡು, ಬೆಳಗಿನ ಮೊದಲ ಹೆಜ್ಜೆಯನ್ನು ಅದರೊಳಗೆ ಇಟ್ಟರೆ ಸಾಕು. ನನಗೆ ಅತ್ಯಂತ ಬೇಗ ಗುಣ ತೋರಿದ ಉಪಾಯವೇ ಇದು.

ಜೋಡು ಅರ್ಧ ಚಿಕಿತ್ಸೆ ಮಾತ್ರ. ಉಳಿದರ್ಧ ನಾವು ಮಾಡಬೇಕು. ಹಾಸಿಗೆಯಿಂದ ಇಳಿಯುವ ಮುನ್ನ ನೊಂದ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಹಿಂದಕ್ಕೆಳೆದು ಹತ್ತೆಣಿಸುವವರೆಗೆ ಹಿಡಿಯುವುದು. ಹೀಗೆ ಹತ್ತು ಸಲ. ಗೋಡೆಗೆ ಕೈಯೂರಿ, ನೊಂದ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನು ಅರ್ಧ ನಿಮಿಷ ಸೆಳೆಯುವುದು. ನಡಿಗೆಯನ್ನು ಹತ್ತು ನಿಮಿಷದಿಂದ ಆರಂಭಿಸಿ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುವುದು. ತಾಳ್ಮೆ ಬೇಕು, ಈ ನೋವು ವಾರದಲ್ಲಿ ಹೋಗುವಂಥದಲ್ಲ, ತಿಂಗಳುಗಳ ಲೆಕ್ಕ. ಆದರೆ ಬಹುಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ವಾಸಿಯಾಗುತ್ತದೆ.

ಇನ್ನೊಂದು ಸಂಗತಿ. ಜೋಡಿಗೂ ಆಯುಸ್ಸಿದೆ. ಓಟಗಾರರು 500ರಿಂದ 800 ಕಿಲೋಮೀಟರಿಗೆ ಷೂ ಬದಲಿಸಬೇಕೆನ್ನುತ್ತಾರೆ. ದಿನಕ್ಕೆ 4 ಕಿಲೋಮೀಟರ್ ನಡೆಯುವವನು 200 ದಿನದಲ್ಲಿ 800 ಮುಟ್ಟುತ್ತಾನೆ. ನಡಿಗೆಯ ಪೆಟ್ಟು ಓಟದಷ್ಟಿಲ್ಲವಾದ್ದರಿಂದ ಇನ್ನೂ ಕೆಲವು ತಿಂಗಳು ಬಂದೀತು. ಆದರೆ ಮೇಲಿನ ಹೊದಿಕೆ ಹೊಸದರಂತಿದ್ದರೂ ಒಳಗಿನ ಮೆತ್ತೆ ಕುಸಿದಿರುತ್ತದೆ. ತಳದ ಪಕ್ಕದಲ್ಲಿ ಸುಕ್ಕುಗಳು ಕಂಡರೆ, ಮೇಜಿನ ಮೇಲಿಟ್ಟಾಗ ಒಂದು ಕಡೆಗೆ ವಾಲಿದರೆ, ಅದರ ಕಾಲ ಮುಗಿಯಿತೆಂದು ತಿಳಿಯಬೇಕು. ಇದನ್ನು ಹೇಳುವಾಗ ನಮ್ಮ ಜಿಲ್ಲೆಯ ಬೇಲೂರಿನ ಐತಿಹ್ಯವೊಂದು ನೆನಪಾಗುತ್ತದೆ. ಮೈಸೂರು ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ಅದನ್ನು ದಾಖಲಿಸಿದ್ದಾರೆ. ಚೆನ್ನಿಗರಾಯಸ್ವಾಮಿ ಆಗಾಗ ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ಕಾಣಲು ನಡೆದುಹೋಗುತ್ತಾನಂತೆ. ಅದಕ್ಕಾಗಿ ಗುಡಿಯಲ್ಲಿ ದೊಡ್ಡ ಜೋಡುಗಳಿವೆ. ಅವು ಸವೆದಾಗ, ಹೊಸದು ಬೇಕೆಂದು ದೂರದ ಊರುಗಳ ಚಮ್ಮಾರರಿಗೆ ಕನಸಾಗುತ್ತದಂತೆ. ಅವರು ಮಾಡಿ ತಂದು ಒಪ್ಪಿಸುತ್ತಾರಂತೆ. ದೇವರ ಜೋಡೂ ಸವೆಯುತ್ತದೆ, ದೇವರೂ ಸವೆದ ಜೋಡಿನಲ್ಲಿ ಬೆಟ್ಟ ಹತ್ತುವುದಿಲ್ಲ! ನಮಗೆ ಕನಸಿನಲ್ಲಿ ಹೇಳಿ ಮಾಡಿಸುವ ಭಾಗ್ಯವಿಲ್ಲ. ತಳ ತಿರುಗಿಸಿ ನೋಡಿಕೊಳ್ಳುವ ಕಣ್ಣಿದೆ.

ಯೋಚಿಸಿದರೆ, ನಮ್ಮ ಪರಂಪರೆ ಪಾದರಕ್ಷೆಗೆ ಎರಡೇ ಜಾಗ ಕೊಟ್ಟಿದೆ. ಭರತ ರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟ. ಹರಳಯ್ಯನ ಜೋಡನ್ನು ಬಸವಣ್ಣನವರು ತಲೆಯ ಮೇಲಿಟ್ಟುಕೊಂಡರೆಂದು ಶರಣರ ಕಥೆ ಹೇಳುತ್ತದೆ. ಉಳಿದಂತೆ ಅದು ಹೊಸ್ತಿಲಾಚೆಯ ವಸ್ತು, ಅದನ್ನು ಮಾಡಿದವರನ್ನೂ ನಾವು ಬಹುಕಾಲ ಹೊಸ್ತಿಲಾಚೆಯೇ ನಿಲ್ಲಿಸಿದೆವು. ತಲೆಗೂ ಹೊಸ್ತಿಲಿಗೂ ನಡುವೆ ಪಾದವೆಂಬುದೊಂದಿದೆ, ಅದಕ್ಕೆ ಈ ವಸ್ತು ಹೊಂದಬೇಕೆಂಬ ಸಾಮಾನ್ಯ ಜ್ಞಾನ ಅವರ ಕೈಯಲ್ಲಿತ್ತು. ನಾವು ಕೇಳಲಿಲ್ಲ.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವಾದಾಗ ಮನೆಯವರೆಲ್ಲ ಹೋಗಿದ್ದೆವು. ವಿಂಧ್ಯಗಿರಿಯ ಮೆಟ್ಟಿಲುಗಳು ಆರುನೂರಕ್ಕೂ ಹೆಚ್ಚು. ಜೋಡು ಬಿಟ್ಟೇ ಹತ್ತಬೇಕು. ನಾನು ಬುಡದಲ್ಲಿಯೇ ಉಳಿದೆ. ಮೇಲೆ ಹೋಗಿಬಂದವರ ಮುಖಗಳನ್ನು ನೋಡುತ್ತ ಕುಳಿತದ್ದು ಈಗಲೂ ನೆನಪಿದೆ. ಮಾರನೆಯ ವರ್ಷದ ಜನವರಿಯಲ್ಲಿ, ವೈದ್ಯರನ್ನು ಕೇಳಿ, ದಪ್ಪನೆಯ ಕಾಲುಚೀಲ ತೊಟ್ಟು, ಬಿಸಿಲೇರುವ ಮುನ್ನ, ಹತ್ತು ಹತ್ತು ಮೆಟ್ಟಿಲಿಗೆ ನಿಂತು ಹತ್ತಿದೆ. ಜೊತೆಗೆ ನನ್ನ ಹೆಂಡತಿಯೂ ಇದ್ದಳು. ಅರಕಲಗೂಡಿನ ಭಾವಮೈದುನ ಮಾತ್ರ ಬುಡದಲ್ಲಿ ನಮ್ಮ ಜೋಡುಗಳನ್ನು ಕಾಯುತ್ತ ಕುಳಿತಿದ್ದ. ಅವನ ಕಾಲಿನಲ್ಲಿ ಎಂ.ಸಿ.ಆರ್. ಚಪ್ಪಲಿ, ಬರಿಗಾಲಿನ ದಾರಿ ಅವನಿಗೆ ಮುಗಿದಿತ್ತು.

ಮೇಲೆ ಹೋಗಿ ಎಲ್ಲರೂ ತಲೆಯೆತ್ತಿ ಗೊಮ್ಮಟನ ಮುಖ ನೋಡುತ್ತಿದ್ದರೆ ನಾನು ಪಾದಗಳನ್ನೇ ನೋಡುತ್ತ ನಿಂತೆ. ಹಳೆಯ ಅಳತೆಗಳ ಪ್ರಕಾರ ಆ ಪಾದದ ಉದ್ದ 9 ಅಡಿ, ಮುಂಭಾಗದ ಅಗಲ ನಾಲ್ಕೂವರೆ ಅಡಿ. ಬೆರಳುಗಳು ಒಂದನ್ನೊಂದು ಒತ್ತದೆ ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿಕೊಂಡಿವೆ. ಸಾವಿರ ವರ್ಷದಿಂದ ನಿಂತ ಪಾದ, ಯಾವ ಜೋಡೂ ಅದನ್ನು ಇಕ್ಕಟ್ಟಿಗೆ ಸಿಲುಕಿಸಿಲ್ಲ. ನಮ್ಮಂಥ ಸಾಮಾನ್ಯರು ಜೋಡಿಲ್ಲದೆ ಬಾಳಲಾರೆವು. ಕೊಳ್ಳುವಾಗ ಆ ಬೆರಳುಗಳನ್ನು ಒಮ್ಮೆ ನೆನೆದುಕೊಂಡರೆ ಸಾಕು.

ನಿಮ್ಮ ನಾಳಿನ ಬೆಳಗಿನ ಮೊದಲ ಹೆಜ್ಜೆ ಹಿತವಾಗಿರಲಿ.

(ಬಾನುಲಿ ಭಾಷಣದ ಬರಹರೂಪ)